ಹಳೇ ಗೇಮು, ಹೊಸ ಕಾರ್ಡು: ಸಿಜಿಎಯಿಂದ ವಿಜಿಎ ತನಕ ಉಳಿದಿದ್ದೇನು, ಮುರಿದಿದ್ದೇನು

ಸಿಜಿಎ, ಇಜಿಎ, ವಿಜಿಎ ಅಂದ್ರೆ ಐಬಿಎಂ ಪಿಸಿಗೆ ಒಂದಾದ್ಮೇಲೊಂದು ಬಂದ ಗ್ರಾಫಿಕ್ಸ್ ಕಾರ್ಡ್‌ಗಳು, ಸ್ಕ್ರೀನ್ ಮೇಲೆ ಚಿತ್ರ ಮೂಡಿಸೋವು. ಇಜಿಎ ಕಾರ್ಡಲ್ಲಿ ಸಿಜಿಎ ಮೋಡ್‌ಗಳಿದ್ವು, ವಿಜಿಎಯಲ್ಲಿ ಎರಡರದ್ದೂ ಇದ್ವು. ಹಾಗಾದ್ಮೇಲೆ 1983ರ ಒಂದು ಗೇಮ್ ವಿಜಿಎ ಮೇಲೆ ಓಡ್ಲೇಬೇಕಲ್ವಾ? ಎಷ್ಟೋ ಓಡ್ತವೆ, ಏನೂ ತಕರಾರಿಲ್ಲ. ಇನ್ನು ಕೆಲವು ಶುರುವಾದ ತಕ್ಷಣ ಸ್ಕ್ರೀನೆಲ್ಲ ಚಿಂದಿ, ಇಲ್ಲಾಂದ್ರೆ ಬಣ್ಣ ಬರ್ಬೇಕಾದ ಕಡೆ ಬರೀ ಕಪ್ಪು ಬಿಳಿ ಗೀಟು. ಕಂಪ್ಯಾಟಿಬಲ್ ಅಂದಿದ್ರಲ್ಲ ಅಂತ ಬೈಕೊಳ್ಳೋ ಮುಂಚೆ ಯಾವುದರ ಜೊತೆ ಕಂಪ್ಯಾಟಿಬಲ್ ಅಂತ ಕೇಳ್ಬೇಕು, ಯಾಕಂದ್ರೆ ಬಯೋಸ್ (ಮಷೀನ್ ಜೊತೆಗೇ ಬರೋ ಮೂಲ ಪ್ರೋಗ್ರಾಂ) ಬೇರೆ, ಕಾರ್ಡ್ ಒಳಗಿನ ರಿಜಿಸ್ಟರ್ (ಅದರ ಸೆಟ್ಟಿಂಗ್ ಬರೆದಿಡೋ ಜಾಗ) ಬೇರೆ, ಮಾನಿಟರ್‌ಗೆ ಹೋಗೋ ವೈರ್ ಬೇರೆ, ಒಂದು ಕಡೆ ಕೊಟ್ಟ ಮಾತು ಇನ್ನೊಂದು ಕಡೆ ನಡೆಯಲ್ಲ.

1981ರಲ್ಲಿ ಐಬಿಎಂ ಪಿಸಿ ಬಂದಾಗ ಕಾರ್ಡ್ ಎರಡು. ಎಂಡಿಎ ಅನ್ನೋದು ಅಕ್ಷರಕ್ಕೆ ಮಾತ್ರ, ಒಂದೇ ಬಣ್ಣ, ಆದ್ರೆ 720×350 ಆಗಿದ್ರಿಂದ ಓದೋಕೆ ಹಿತ. ಸಿಜಿಎ ಗ್ರಾಫಿಕ್ಸ್‌ಗೆ: 320×200ರಲ್ಲಿ 4 ಬಣ್ಣ, 640×200ರಲ್ಲಿ 2, ಮೆಮೊರಿ 16 ಕೆಬಿ. ಎರಡರಲ್ಲೂ ಸ್ಕ್ರೀನ್ ಟೈಮಿಂಗ್ ನೋಡ್ಕೊಳ್ಳೋದು ಮೋಟೊರೋಲಾ 6845 ಚಿಪ್ಪೇ, ಆದ್ರೆ ಎಂಡಿಎ ಮೆಮೊರಿ ಬಿ0000 ವಿಳಾಸದಲ್ಲಿ, ಸಿಜಿಎದು ಬಿ8000ರಲ್ಲಿ, ಕಾರ್ಡ್‌ಗೆ ಆಜ್ಞೆ ಕಳಿಸೋ ಪೋರ್ಟ್ ನಂಬರೂ ಬೇರೆ. ಅದಕ್ಕೇ ಎರಡೂ ಕಾರ್ಡ್ ಒಂದೇ ಮಷೀನಲ್ಲಿ ಜಗಳ ಇಲ್ದೆ ಇರ್ತಿದ್ವು, ಒಂದು ಮಾನಿಟರಲ್ಲಿ ಪ್ರೋಗ್ರಾಂ ಓಡಿಸಿ ಇನ್ನೊಂದರಲ್ಲಿ ಡೀಬಗ್ ಮಾಡೋರೂ ಇದ್ರು. 

ಸ್ಕ್ರೀನ್ ಮೇಲೆ ಏನಾದ್ರೂ ಬರಿಯೋಕೆ ನೆಟ್ಟಗಿರೋ ದಾರಿ ಅಂದ್ರೆ ಬಯೋಸ್‌ನ ಕೇಳೋದು. ಎಲ್ಲರೂ ಹಂಗೇ ಮಾಡಿದ್ರೆ ಈ ಲೇಖನಾನೇ ಬೇಕಾಗ್ತಿರ್ಲಿಲ್ಲ. ಆದ್ರೆ ಬಯೋಸ್ ನಿಧಾನ, ಆ ಪ್ರೊಸೆಸರ್ ಓಡ್ತಿದ್ದಿದ್ದೇ 4.77 ಮೆಗಾಹರ್ಟ್ಸ್‌ನಲ್ಲಿ, ಹಂಗಾಗಿ ಗೇಮ್ ಬರೆಯೋರು, ಸ್ಪ್ರೆಡ್‌ಶೀಟ್ ಬರೆಯೋರು ಎಲ್ಲ ಸೀದಾ ಬಿ8000ಕ್ಕೆ ಕೈ ಹಾಕಿದ್ರು. ಒಂದು ಬೈಟ್ ಅಕ್ಷರ, ಪಕ್ಕದ ಬೈಟ್ ಬಣ್ಣ, ಮುಗೀತು. ಐಬಿಎಂ ಕಾಗದದ ಮೇಲೆ ಬಯೋಸ್ ಸ್ಟ್ಯಾಂಡರ್ಡ್ ಆಗಿರ್ಬಹುದು, ನಿಜವಾದ ಸ್ಟ್ಯಾಂಡರ್ಡ್ ಆಗಿದ್ದು ಈ ವಿಳಾಸಗಳು.

ಅದರಲ್ಲೂ ಒಂದು ಕಿತಾಪತಿ ನಂಗೆ ತುಂಬಾ ಇಷ್ಟ. ಸಿಜಿಎ ಗ್ರಾಫಿಕ್ಸ್‌ನಲ್ಲಿ 4 ಬಣ್ಣ, ಟೆಕ್ಸ್ಟ್ ಮೋಡಲ್ಲಿ ಮಾತ್ರ 16. ಸರಿ, ಟೆಕ್ಸ್ಟ್ ಮೋಡನ್ನೇ ಗ್ರಾಫಿಕ್ಸ್ ಮಾಡೋಣ ಅಂತ ಹೊರಟ್ರು. 80 ಕಾಲಮ್ ಮೋಡ್ ಹಾಕಿ, 6845ಗೆ ಒಂದು ಅಕ್ಷರದ ಎತ್ತರ 8 ಗೆರೆ ಅಲ್ಲ, 2 ಗೆರೆ ಅಂತ ಹೇಳೋದು, 25 ಸಾಲಿನ ಬದ್ಲು 100 ಸಾಲು ಸಿಗುತ್ತೆ. ಆಮೇಲೆ ಎಲ್ಲಾ ಕಡೆ ಅರ್ಧ ತುಂಬಿರೋ ಚೌಕದ ಅಕ್ಷರ, 221ನೇದು, ತುಂಬಿಸೋದು. ಎಡಗಡೆ ಅಕ್ಷರದ ಬಣ್ಣ, ಬಲಗಡೆ ಹಿನ್ನೆಲೆ ಬಣ್ಣ, ಒಟ್ಟು 160×100, 16 ಬಣ್ಣ. ಲೆಕ್ಕ ಹಾಕಿದ್ರೆ 16,000 ಬೈಟ್, 16 ಕೆಬಿ ಒಳಗೆ ಹೆಂಗೋ ಕೂರುತ್ತೆ. ಈಗ ಇದನ್ನೇ ಇಜಿಎ ಮೇಲೆ ಓಡಿಸಿ. 6845ರಲ್ಲಿ 6ನೇ ರಿಜಿಸ್ಟರ್ ಅಂದ್ರೆ ಎಷ್ಟು ಸಾಲು ತೋರಿಸ್ಬೇಕು ಅಂತ, ಇಜಿಎಯಲ್ಲಿ ಅದೇ ನಂಬರ್ ಅಂದ್ರೆ ಇಡೀ ಫ್ರೇಮಲ್ಲಿ ಒಟ್ಟು ಎಷ್ಟು ಗೆರೆ ಅಂತ. ಪೋರ್ಟ್ ಅದೇ, ನಂಬರ್ ಅದೇ, ಅರ್ಥ ಬೇರೆ! ವಿಜಿಎಯಲ್ಲಿ 0ರಿಂದ 7ರ ತನಕದ ರಿಜಿಸ್ಟರ್‌ಗಳಿಗೆ ಒಂದು ಬೀಗದ ಬಿಟ್ಟೇ ಇಟ್ರು, ಹಳೇ ಪ್ರೋಗ್ರಾಂ ಬಂದು ಟೈಮಿಂಗ್ ಕೆಡಿಸದೇ ಇರ್ಲಿ ಅಂತ. ಟೈಮಿಂಗ್ ಉಳೀತು, ಗೇಮ್ ಉಳೀಲಿಲ್ಲ.

ಇನ್ನು ಆ ಕಪ್ಪು ಬಿಳಿ ಗೀಟಿನ ಕಥೆ. ಸಿಜಿಎಯನ್ನ ಕಾಂಪೋಸಿಟ್ ವೈರಲ್ಲಿ (ಇಡೀ ಚಿತ್ರ ಒಂದೇ ಸಿಗ್ನಲ್ಲಾಗಿ ಹೋಗೋ ವೈರ್) ಟಿವಿಗೆ ಹಾಕಿದ್ರೆ ಒತ್ತೊತ್ತಾಗಿರೋ ಗೀಟುಗಳು ಒಂದಕ್ಕೊಂದು ಬೆರೆತು ಬಣ್ಣದ ಥರ ಕಾಣ್ತಿದ್ವು, ಅದನ್ನೇ ನಂಬ್ಕೊಂಡು ಗೇಮ್ ಮಾಡಿದ್ರು. ಇಜಿಎಯಲ್ಲಿ ಕಾಂಪೋಸಿಟ್ ಸಿಗ್ನಲ್ಲೇ ಇಲ್ಲ, ಬಣ್ಣ ಎಲ್ಲಿಂದ ಬರ್ಬೇಕು.

1984ರ ಇಜಿಎ ವೈರ್ ವಿಷಯದಲ್ಲಿ ಮಾತ್ರ ಜಾಣತನ ತೋರಿಸ್ತು. ಅದೇ 9 ಪಿನ್, ಹಳೇ ಸಿಜಿಎ ಮಾನಿಟರೂ ಓಡ್ಬೇಕು, ಹೊಸ ಮಾನಿಟರಲ್ಲಿ 640×350, 64 ಬಣ್ಣದಲ್ಲಿ 16 ಬೇಕು. ಸಿಜಿಎಯಲ್ಲಿ ಗ್ರೌಂಡ್ ಆಗಿದ್ದ 2ನೇ ಪಿನ್ ಇಲ್ಲಿ ಕೆಂಪಿನ ಎರಡನೇ ಬಿಟ್. ಸಿಜಿಎ ಲೆಕ್ಕದಲ್ಲಿ ತೋರಿಸ್ಬೇಕಾ, ಇಜಿಎ ಲೆಕ್ಕದಲ್ಲಾ ಅಂತ ಮಾನಿಟರ್‌ಗೆ ಗೊತ್ತಾಗೋದು ವರ್ಟಿಕಲ್ ಸಿಂಕ್ (ಹೊಸ ಫ್ರೇಮ್ ಶುರು ಅಂತ ಹೇಳೋ ಸಿಗ್ನಲ್) ಪಾಸಿಟಿವಾ ನೆಗೆಟಿವಾ ಅನ್ನೋ ಪೊಲಾರಿಟಿ ನೋಡಿ. ಅದಕ್ಕೇ 200 ಗೆರೆಯ ಮೋಡಲ್ಲಿ ಅದೇ ಹಳೇ ಸಿಜಿಎಯ 16 ಬಣ್ಣ ಬಿಟ್ರೆ ಬೇರೆ ಸಿಗಲ್ಲ. ಜಾಣತನ ಅಲ್ಲಿಗೆ ಮುಗೀತು, ಇಜಿಎಯ ರಿಜಿಸ್ಟರ್‌ಗಳಲ್ಲಿ ಬಹುಪಾಲು ಬರೆಯೋಕೆ ಮಾತ್ರ, ಓದೋಕಾಗಲ್ಲ, ಅಂದ್ರೆ ಒಂದು ಪ್ರೋಗ್ರಾಮಿಂದ ಇನ್ನೊಂದಕ್ಕೆ ಹೋಗಿ ವಾಪಸ್ ಬರೋವಾಗ ಮೊದಲು ಹೆಂಗಿತ್ತು ಅಂತ ಕಾರ್ಡನ್ನ ಕೇಳೋ ಹಾಗೇ ಇಲ್ಲ.

1987ರಲ್ಲಿ ಐಬಿಎಂನ ಪಿಎಸ್/2 ಕಂಪ್ಯೂಟರ್‌ಗಳ ಜೊತೆ ಬಂದ ವಿಜಿಎ ಅದನ್ನ ಸರಿ ಮಾಡ್ತು, ಆದ್ರೆ ವೈರನ್ನ ಪೂರ್ತಿ ಬದಲಾಯಿಸ್ತು: 15 ಪಿನ್, ಅನಲಾಗ್, ಹಳೇ ಮಾನಿಟರ್‌ಗಳೆಲ್ಲ ಮೂಲೆಗೆ. 200 ಗೆರೆಯ ಚಿತ್ರ ಬಂದ್ರೆ ಒಂದೊಂದು ಗೆರೇನ ಎರಡೆರಡು ಸಲ ಬರೆದು 400 ಮಾಡ್ತು. ಅಷ್ಟೇ ಅಲ್ಲ, ಎಂಡಿಎಯಲ್ಲಿ ಅಕ್ಷರದ ಚೌಕ 9 ಪಿಕ್ಸೆಲ್ ಅಗಲ, ಫಾಂಟಲ್ಲಿ ಇರೋದು 8, ಪೆಟ್ಟಿಗೆ ಗೆರೆಗಳು ಮಧ್ಯೆ ತುಂಡಾಗ್ಬಾರ್ದು ಅಂತ 192ರಿಂದ 223ರ ತನಕದ ಅಕ್ಷರಗಳಿಗೆ ಮಾತ್ರ 8ನೇ ಪಿಕ್ಸೆಲ್ಲನ್ನೇ 9ಕ್ಕೂ ಕಾಪಿ ಮಾಡೋರು. ವಿಜಿಎ ಅದನ್ನೂ ಹೊತ್ಕೊಂಡು ಬಂತು.

ಐಬಿಎಂ ಮಾತ್ರ 8514/ಎ, ಎಕ್ಸ್‌ಜಿಎ ಅನ್ನೋ ಬೇರೆ ಕಾರ್ಡ್‌ಗಳ ಜೊತೆ ಮುಂದೆ ಹೋಯ್ತು, ಹಿಂದೆ ಬಂದವರು ಕಮ್ಮಿ. ಬೇರೆ ಕಂಪನಿಗಳು ವಿಜಿಎ ಮೇಲೇ ತಮ್ಮ ತಮ್ಮ ಎಕ್ಸ್‌ಟ್ರಾ ಮೋಡ್ ಸೇರಿಸಿ ಸೂಪರ್ ವಿಜಿಎ ಅಂದ್ರು, ಒಬ್ಬರದ್ದು ಒಬ್ಬರಿಗೆ ಹೊಂದಲ್ಲ, 1989ರಲ್ಲಿ ವೆಸಾ (VESA) ಅನ್ನೋ ಕಂಪನಿಗಳ ಕೂಟ ಹುಟ್ಟಿದ್ದೇ ಈ ಗೋಜಲು ಬಿಡಿಸೋಕೆ. ಎಲ್ಲರೂ ಒಪ್ಪಿದ್ದ ಕೊನೇ ಜಾಗ ವಿಜಿಎ, ಅದು ಅಲ್ಲೇ ಹೆಪ್ಪುಗಟ್ತು.

ವಿಜಿಎ ಕನೆಕ್ಟರ್ ತೆಗೀತೀವಿ ಅಂತ ಇಂಟೆಲ್, ಎಎಂಡಿ 2010ರಲ್ಲೇ ಹೇಳಿದ್ವು, 2015 ಗಡುವು ಅಂತ. ಕನೆಕ್ಟರ್ ಹೋದ್ರೂ ಆ ಪೋರ್ಟ್ ನಂಬರ್‌ಗಳು ಅಷ್ಟು ಸುಲಭಕ್ಕೆ ಹೋಗ್ಲಿಲ್ಲ. ಒಂದೇ ಮಷೀನಿಗೆ ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಇಬ್ಬರಿಗೂ ಅದೇ ವಿಜಿಎ ಪೋರ್ಟ್‌ಗಳೇ ಬೇಕು, ಈಗ ಯಾರ ಸರದಿ ಅಂತ ಪಂಚಾಯ್ತಿ ಮಾಡೋಕೆ ಲಿನಕ್ಸ್ ಕರ್ನಲ್ ಒಳಗೆ ಬೇರೆ ಕೋಡೇ ಇದೆ. 1981ರಲ್ಲಿ ಎರಡು ಕಾರ್ಡ್ ಒಟ್ಟಿಗೆ ಇರ್ಲಿ ಅಂತ ವಿಳಾಸ ಬೇರೆ ಬೇರೆ ಕೊಟ್ಟಿದ್ರು, ಈಗ ಎರಡಕ್ಕೂ ವಿಳಾಸ ಒಂದೇ.