ಸ್ಕ್ವಾಡ್ರನ್ ಅಂದರೆ 18 ವಿಮಾನ ಅಲ್ಲ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಭಾರತೀಯ ವಾಯುಪಡೆಯ ಮಿಗ್-21 ಯುದ್ಧವಿಮಾನಗಳಿಗೆ ಬೀಳ್ಕೊಡುಗೆ ಆಯಿತು. ಅವತ್ತಿನಿಂದ ಒಂದು ಲೆಕ್ಕ ಎಲ್ಲರ ಬಾಯಲ್ಲೂ ಓಡಾಡುತ್ತಿದೆ: '42 ಸ್ಕ್ವಾಡ್ರನ್ ಬೇಕು, 29 ಇವೆ.' ಇಲ್ಲಿಗೇ ನಿಲ್ಲಿಸಿದರೆ ತಕರಾರಿಲ್ಲ. ಮುಂದಿನ ಸಾಲಿನಲ್ಲೇ ಎಡವಟ್ಟು. ಒಬ್ಬರು '13 ಯುದ್ಧವಿಮಾನ ಕಮ್ಮಿ ಇವೆಯಂತೆ' ಎನ್ನುತ್ತಾರೆ. ಇನ್ನೊಬ್ಬರು ಸ್ಕ್ವಾಡ್ರನ್‌ಗೆ 18 ವಿಮಾನ ಎಂದು ಹಿಡಿದು, 13ನ್ನು 18ರಿಂದ ಗುಣಿಸಿ, '234 ವಿಮಾನ ಕೊಂಡರೆ ಮುಗೀತಲ್ವಾ' ಎಂದು ಕೇಳುತ್ತಾರೆ. ಮೊದಲನೆಯದು ಬರೀ ತಪ್ಪು. ಎರಡನೆಯದು ಸರಿಯಂತೆ ಕಾಣುವ ತಪ್ಪು. ಕಿರಿಕಿರಿ ಜಾಸ್ತಿ ಆಗುವುದು ಅದರಿಂದಲೇ.

ಸ್ಕ್ವಾಡ್ರನ್ ಅನ್ನುವುದು ವಿಮಾನಗಳ ಕಟ್ಟು ಅಲ್ಲ, ಅದೊಂದು ಘಟಕ. ಅದಕ್ಕೊಂದು ನಂಬರ್, ಒಂದು ಹೆಸರು, ಒಂದು ಲಾಂಛನ ಇರುತ್ತವೆ. ಒಬ್ಬ ಕಮಾಂಡಿಂಗ್ ಆಫೀಸರ್, ಪೈಲಟ್‌ಗಳು, ಎಂಜಿನಿಯರಿಂಗ್ ಅಧಿಕಾರಿಗಳು, ವಿಮಾನವನ್ನು ಹಾರಾಟಕ್ಕೆ ಸಿದ್ಧ ಮಾಡುವ ಏರ್‌ಮೆನ್ ಇರುತ್ತಾರೆ. ವಿಮಾನ ಇವರ ಕೈಯಲ್ಲಿರುವ ಸಲಕರಣೆ. ಡಿಪೊಗೆ ಹೊಸ ಬಸ್ಸು ಬಂದರೆ ಡಿಪೊ ಬದಲಾಗುವುದಿಲ್ಲ, ಹಾಗೆ.

ಪದ ಎಲ್ಲಿಂದ ಬಂತು ಎಂದು ನೋಡಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಇಟಾಲಿಯನ್ ಭಾಷೆಯಲ್ಲಿ 'ಸ್ಕ್ವಾದ್ರ' ಅಂದರೆ ಮೂಲದಲ್ಲಿ ಚೌಕ. ಸೈನಿಕರನ್ನು ಚೌಕಾಕಾರದಲ್ಲಿ ನಿಲ್ಲಿಸುತ್ತಿದ್ದರು, ಹಾಗೆ ನಿಂತ ಗುಂಪಿಗೂ ಅದೇ ಹೆಸರಾಯಿತು. ಪದದ ಕೊನೆಗೆ 'ಒನೆ' ಸೇರಿದರೆ 'ದೊಡ್ಡದು' ಎಂಬ ಅರ್ಥ ಬರುತ್ತದೆ. 'ಸ್ಕ್ವಾದ್ರೊನೆ' ಅಂದರೆ ದೊಡ್ಡ ಚೌಕ, ದೊಡ್ಡ ಗುಂಪು. ಅದು 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದು ಸ್ಕ್ವಾಡ್ರನ್ ಆಯಿತು. ಇಟಲಿಯಲ್ಲಿ ಇವತ್ತಿಗೂ ಫುಟ್‌ಬಾಲ್ ತಂಡವನ್ನು ಸ್ಕ್ವಾದ್ರ ಎಂದೇ ಕರೆಯುತ್ತಾರೆ. ನಮ್ಮ ಬಾಂಬ್ ಸ್ಕ್ವಾಡ್, ಡಾಗ್ ಸ್ಕ್ವಾಡ್‌ಗಳೂ ಇದೇ ಮನೆತನದವು. ಪರೀಕ್ಷೆ, ಚುನಾವಣೆ ಸಮಯದಲ್ಲಿ ಜೀಪಿನಲ್ಲಿ ಬರುವ ಫ್ಲೈಯಿಂಗ್ ಸ್ಕ್ವಾಡ್ ಕೂಡ. ಅದು ಹಾರುವುದಿಲ್ಲ ಎಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ ಭಾಷೆಯ 'ನಾಲ್ಕು' ಸಿಗುತ್ತದೆ. ಆ ನಾಲ್ಕಕ್ಕೂ ಸಂಸ್ಕೃತದ 'ಚತುರ್'ಗೂ ಒಂದೇ ಬೇರು. ಇದನ್ನು ಓದಿದ ಕೂಡಲೇ ಕೆಲವರಿಗೆ ಚತುರಂಗ ಸೈನ್ಯ ನೆನಪಾಗುತ್ತದೆ ಎಂದು ಗೊತ್ತು. ಸ್ವಲ್ಪ ತಡೆಯಿರಿ. ಚತುರಂಗದ ನಾಲ್ಕು ಅಂದರೆ ರಥ, ಆನೆ, ಕುದುರೆ, ಕಾಲಾಳು ಎಂಬ ನಾಲ್ಕು ಅಂಗಗಳು. ಸ್ಕ್ವಾಡ್ರನ್‌ನ ನಾಲ್ಕು ಅಂದರೆ ಚೌಕದ ನಾಲ್ಕು ಮೂಲೆ. ಬೇರು ಒಂದೇ, ಕತೆ ಬೇರೆ. 'ಸ್ಕ್ವಾಡ್ರನ್ ಬಂದಿದ್ದೇ ನಮ್ಮ ಚತುರಂಗದಿಂದ' ಎಂದು ದಯವಿಟ್ಟು ವಾಟ್ಸಾಪ್‌ನಲ್ಲಿ ಹಂಚಬೇಡಿ.

ಇಷ್ಟು ದೂರ ಎಳೆದದ್ದಕ್ಕೆ ಕಾರಣ ಇದೆ. ಈ ಪದದ ಹೊಟ್ಟೆಯಲ್ಲಿ 16, 18 ಅಂತ ಯಾವ ಸಂಖ್ಯೆಯೂ ಇಲ್ಲ. ಮೊದಲು ಕುದುರೆ ಸವಾರರ ಗುಂಪು ಸ್ಕ್ವಾಡ್ರನ್ ಆಗಿತ್ತು. ಆಮೇಲೆ ಹಡಗುಗಳ ಗುಂಪೂ ಆಯಿತು. ವಿಮಾನ ಸೇರಿದ್ದು ಕೊನೆಗೆ. ನಮ್ಮ ಭೂಸೇನೆಯಲ್ಲಿ ಕುದುರೆ ಹೋಗಿ ಟ್ಯಾಂಕ್ ಬಂದರೂ ಹಳೆಯ ಪದ ಉಳಿದಿದೆ. ಆರ್ಮರ್ಡ್ ರೆಜಿಮೆಂಟಿನ ಒಂದು ಸ್ಕ್ವಾಡ್ರನ್‌ನಲ್ಲಿ ಸುಮಾರು 14 ಟ್ಯಾಂಕ್ ಇರುತ್ತವೆ. ನೌಕಾಪಡೆಯಲ್ಲಿ ಕ್ಷಿಪಣಿ ಹಡಗುಗಳದ್ದೇ ಒಂದು ಸ್ಕ್ವಾಡ್ರನ್ ಇದೆ. 1971ರ ಯುದ್ಧದಲ್ಲಿ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ ಕ್ಷಿಪಣಿ ದೋಣಿಗಳ ಪರಂಪರೆ ಅದರದು, ಅಡ್ಡಹೆಸರು 'ಕಿಲ್ಲರ್ಸ್'. ಅಲ್ಲಿ ಹೋಗಿ 18 ವಿಮಾನ ತೋರಿಸಿ ಎಂದು ಕೇಳಲಾಗುತ್ತದೆಯೇ?

ವಾಯುಪಡೆಯ ಒಳಗೂ ಅಷ್ಟೇ. ನಮ್ಮ ನಂಬರ್ 1 ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಶುರುವಾದಾಗ ಇದ್ದದ್ದು 4 ವಾಪಿಟಿ ವಿಮಾನ. ಮೊದಲ ತೇಜಸ್ ಸ್ಕ್ವಾಡ್ರನ್, ಅಂದರೆ ನಂಬರ್ 45 'ಫ್ಲೈಯಿಂಗ್ ಡ್ಯಾಗರ್ಸ್', 2016ರ ಜುಲೈ 1ರಂದು ಬೆಂಗಳೂರಿನಲ್ಲಿ ಕೆಲಸ ಶುರು ಮಾಡಿದ್ದು ಬರೀ 2 ವಿಮಾನದಿಂದ. ಆ ಎರಡೂ ದಿನ ಅವು ಪೂರ್ತಿ ಸ್ಕ್ವಾಡ್ರನ್‌ಗಳೇ. ಪಟ್ಟಿಯಲ್ಲಿ 'ಒಂದು' ಎಂದೇ ಎಣಿಕೆ. 18ರಿಂದ ಗುಣಿಸುವವರು ತೇಜಸ್‌ನ ಆ ದಿನ 16 ವಿಮಾನಗಳನ್ನು ಗಾಳಿಯಿಂದ ಸೃಷ್ಟಿಸಿದಂತಾಯಿತು.

ಹಾಗಾದರೆ 18 ಎಲ್ಲಿಂದ ಬಂತು? ಅದು ಸುಳ್ಳಲ್ಲ, ಯೋಜನೆ ಹಾಕುವಾಗ ಹಿಡಿಯುವ ಅಂದಾಜು. 2007ರಲ್ಲಿ 126 ಯುದ್ಧವಿಮಾನಗಳಿಗೆ ಟೆಂಡರ್ ಕರೆದರಲ್ಲ, ಆ ವಿಚಿತ್ರ ಸಂಖ್ಯೆ ಏಳು ಹದಿನೆಂಟಲ 126. ಅದರಲ್ಲೂ ಮೊದಲ 18 ಹೊರಗಿನಿಂದ ತಯಾರಾಗಿ ಬರಬೇಕು, ಉಳಿದ 108ನ್ನು ಎಚ್‌ಎಎಲ್ ಇಲ್ಲೇ ಮಾಡಬೇಕು ಎಂದಿತ್ತು. ಮೊದಲ ಸ್ಕ್ವಾಡ್ರನ್ ಬೇಗ ನಿಲ್ಲಲಿ ಎಂಬ ಲೆಕ್ಕ ಅದು. ಆ ಟೆಂಡರ್ ಕೊನೆ ಮುಟ್ಟಲಿಲ್ಲ. ಕೊನೆಗೆ 2016ರಲ್ಲಿ ಒಪ್ಪಂದವಾದದ್ದು 36 ರಫೇಲ್‌ಗಳಿಗೆ. ಎರಡು ಹದಿನೆಂಟಲ 36. ಒಂದು ಸ್ಕ್ವಾಡ್ರನ್ ಅಂಬಾಲಾದಲ್ಲಿ, ಇನ್ನೊಂದು ಪಶ್ಚಿಮ ಬಂಗಾಳದ ಹಾಸಿಮಾರಾದಲ್ಲಿ. ಆದರೆ ತೇಜಸ್ ಮಾರ್ಕ್-1ಕ್ಕೆ ಬನ್ನಿ. ಅಲ್ಲಿ ಆರ್ಡರ್ ಕೊಟ್ಟದ್ದು 40, ಅದಕ್ಕೂ ಎರಡೇ ಸ್ಕ್ವಾಡ್ರನ್. 32 ಒಂಟಿ ಸೀಟಿನವು, 8 ಎರಡು ಸೀಟಿನ ತರಬೇತಿ ವಿಮಾನ. 36ಕ್ಕೂ ಎರಡು, 40ಕ್ಕೂ ಎರಡು. ಗುಣಾಕಾರದವರು ಇದಕ್ಕೆ ಏನು ಹೇಳುತ್ತಾರೋ.

ನೆಲದಿಂದ ಆಕಾಶಕ್ಕೆ ಕ್ಷಿಪಣಿ ಹಾರಿಸುವ ವ್ಯವಸ್ಥೆಯಾದ ಎಸ್-400ರ ವಿಷಯದಲ್ಲಿ ಗೊಂದಲ ಇನ್ನೂ ಜೋರು. 2018ರ ಅಕ್ಟೋಬರ್‌ನಲ್ಲಿ ಭಾರತ 5 ಸ್ಕ್ವಾಡ್ರನ್ ಎಸ್-400ಗೆ ಒಪ್ಪಂದ ಮಾಡಿಕೊಂಡಿತು. ರಷ್ಯಾದವರ ಭಾಷೆಯಲ್ಲಿ ಅವು ರೆಜಿಮೆಂಟ್. ನಮ್ಮಲ್ಲಿ ಅವು ವಾಯುಪಡೆಯ ಕೈಗೆ ಬಂದಿದ್ದರಿಂದ ಸ್ಕ್ವಾಡ್ರನ್ ಆದವು. ಒಂದೊಂದು ಸ್ಕ್ವಾಡ್ರನ್ ಅಂದರೆ ಲಾಂಚರ್‌ಗಳು, ರಾಡಾರ್‌ಗಳು, ಕಮಾಂಡ್ ವಾಹನಗಳು, ಜೊತೆಗೆ ರಾಶಿ ಕ್ಷಿಪಣಿ. ವಿಮಾನ ಒಂದೂ ಇಲ್ಲ. ಇದನ್ನು '5 ಎಸ್-400 ಕ್ಷಿಪಣಿ ಖರೀದಿ' ಎಂದು ಬರೆದರೆ ಓದುಗ ಬೆಲೆ ನೋಡಿ ಬೆಚ್ಚಿಬೀಳುತ್ತಾನೆ. ಇನ್ನು ಈ ಸ್ಕ್ವಾಡ್ರನ್‌ಗಳನ್ನೂ 29ಕ್ಕೆ ಕೂಡಿಸಿ 'ಕೊರತೆ ಕಮ್ಮಿಯಾಯಿತು' ಎನ್ನುವವರಿದ್ದಾರೆ. 42 ಎಂಬುದು ಯುದ್ಧವಿಮಾನಗಳ ಸ್ಕ್ವಾಡ್ರನ್‌ಗಳಿಗೆ ಮಾತ್ರ ಮಂಜೂರಾದ ಸಂಖ್ಯೆ. ಕ್ಷಿಪಣಿ ಅದರಲ್ಲಿ ಬರುವುದಿಲ್ಲ. ಸಾಗಣೆ ವಿಮಾನ ಬರುವುದಿಲ್ಲ. ಹೆಲಿಕಾಪ್ಟರ್ ಕೂಡ ಬರುವುದಿಲ್ಲ.

ನಂಬರ್ ವಿಷಯ ಬಂದಿದ್ದರಿಂದ ಒಂದು ಸಣ್ಣ ತಕರಾರು. ತಂಜಾವೂರಿನಲ್ಲಿ ಸುಖೋಯ್ ಹಾರಿಸುವ 'ಟೈಗರ್‌ಶಾರ್ಕ್ಸ್' ಇದೆಯಲ್ಲ, ಅದು ನಂಬರ್ 222. ಅದನ್ನು '222ನೇ ಸ್ಕ್ವಾಡ್ರನ್' ಎಂದು ಬರೆದರೆ, ಮೊದಲಿನ 221 ಎಲ್ಲಿವೆ ಎಂದು ಓದುಗ ಹುಡುಕಬೇಕಾಗುತ್ತದೆ. ಅದು ಸಾಲಿನಲ್ಲಿ ನಿಂತ ಸ್ಥಾನ ಅಲ್ಲ, ಹೆಸರಿನ ಭಾಗ. 'ನಂಬರ್ 222' ಎಂದರೆ ಸಾಕು.

ಇನ್ನೊಂದು ಹಳೇ ಕಾಯಿಲೆ ಹುದ್ದೆಗಳದು. ಸ್ಕ್ವಾಡ್ರನ್ ಲೀಡರ್ ಎಂಬುದು ರ‍್ಯಾಂಕ್. ಆ ರ‍್ಯಾಂಕ್ ಇರುವವರು ಸ್ಕ್ವಾಡ್ರನ್‌ನ ಮುಖ್ಯಸ್ಥರಲ್ಲ. ಇವತ್ತು ಯುದ್ಧವಿಮಾನ ಸ್ಕ್ವಾಡ್ರನ್ ನಡೆಸುವುದು ವಿಂಗ್ ಕಮಾಂಡರ್ ಅಥವಾ ಗ್ರೂಪ್ ಕ್ಯಾಪ್ಟನ್. ಈ ಹೆಸರುಗಳನ್ನು ಬ್ರಿಟಿಷ್ ವಾಯುಪಡೆ 1919ರಲ್ಲಿ ಇಟ್ಟುಕೊಂಡಿತು, ನಮಗೆ ಬಳುವಳಿಯಾಗಿ ಬಂದವು. ಕೆಲಸ ಬದಲಾಯಿತು, ಹೆಸರು ನಿಂತುಹೋಯಿತು. 2019ರಲ್ಲಿ ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಯಾವ ವಿಂಗಿನ ಕಮಾಂಡರೂ ಆಗಿರಲಿಲ್ಲ, ನಂಬರ್ 51 ಸ್ಕ್ವಾಡ್ರನ್‌ನ ಪೈಲಟ್ ಆಗಿದ್ದರು. ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದ ಶುಭಾಂಶು ಶುಕ್ಲಾ ಅವರನ್ನು ಸುಮ್ನೆ 'ಕ್ಯಾಪ್ಟನ್ ಶುಕ್ಲಾ' ಎಂದು ಬರೆದವರು ಅವರಿಗೆ ಹಿಂಬಡ್ತಿ ಕೊಟ್ಟಿದ್ದಾರೆ. ಗ್ರೂಪ್ ಕ್ಯಾಪ್ಟನ್ ಅಂದರೆ ಭೂಸೇನೆಯ ಕರ್ನಲ್‌ಗೆ ಸಮ. ಭೂಸೇನೆಯ ಕ್ಯಾಪ್ಟನ್ ಅದಕ್ಕಿಂತ ಎಷ್ಟೋ ಕೆಳಗೆ. 'ಸ್ಕ್ವಾಡ್ರನ್ ನಾಯಕ', 'ರೆಕ್ಕೆ ದಳಪತಿ' ಅಂತ ಅನುವಾದಿಸುವ ಉತ್ಸಾಹಿಗಳ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ.

ಈಗ ಅಸಲು ವಿಷಯ. ವಾಯುಪಡೆಯ ಆಧುನೀಕರಣವನ್ನು ಸ್ಕ್ವಾಡ್ರನ್ ಲೆಕ್ಕದಲ್ಲೇ ಅಳೆಯಬಹುದೇ? ಅಳೆಯುತ್ತಾರೆ, ಪೂರ್ತಿ ತಪ್ಪೂ ಅಲ್ಲ. ಚೀನಾ ಮತ್ತು ಪಾಕಿಸ್ತಾನ ಎರಡೂ ಗಡಿಯಲ್ಲಿ ಒಟ್ಟಿಗೆ ಯುದ್ಧ ಬಂದರೆ ಎಷ್ಟು ಕಡೆ ವಿಮಾನ ಸಿದ್ಧ ಇರಬೇಕು ಎಂಬ ಪ್ರಶ್ನೆಗೆ ಈ ಸಂಖ್ಯೆ ಒಂದು ಉತ್ತರ. ಒಂದು ರಫೇಲ್ ಎಷ್ಟೇ ಜಾಣ ಇರಲಿ, ಅಂಬಾಲಾದಲ್ಲೂ ಹಾಸಿಮಾರಾದಲ್ಲೂ ಒಂದೇ ಹೊತ್ತಿಗೆ ಇರಲಾರದು. 'ಒಂದು ರಫೇಲ್ ಐದು ಮಿಗ್‌ಗೆ ಸಮ, ಹಾಗಾಗಿ ಕೊರತೆಯೇ ಇಲ್ಲ' ಎನ್ನುವವರು ಇದನ್ನು ಮರೆಯುತ್ತಾರೆ. ಆದರೆ ಸಂಖ್ಯೆ ಹೇಳದ್ದೂ ಬಹಳ ಇದೆ. 18ರಲ್ಲಿ ಕೆಲವು ಯಾವಾಗಲೂ ಸರ್ವಿಸ್‌ನಲ್ಲಿರುತ್ತವೆ. ಬಿಡಿಭಾಗ ಬಾರದಿದ್ದರೆ ಇನ್ನಷ್ಟು ನೆಲದಲ್ಲೇ ಉಳಿಯುತ್ತವೆ. ಪೈಲಟ್‌ಗಳ ಮಾತಂತೂ ಬೇರೆಯೇ. 2015ರ ಆರಂಭದಲ್ಲಿ 486 ಇದ್ದ ಪೈಲಟ್ ಕೊರತೆ 2021ರ ಕೊನೆಗೆ 596ಕ್ಕೆ ಏರಿತ್ತು ಎಂದು ಸಿಎಜಿ ವರದಿಯೇ ಹೇಳಿದೆ. ಸ್ಕ್ವಾಡ್ರನ್ ಎಣಿಕೆಯಲ್ಲಿ ಇದರ ಸುಳಿವೇ ಸಿಗುವುದಿಲ್ಲ.

ಬೇರೆ ದೇಶದ ಜೊತೆ ಹೋಲಿಸುವಾಗ ಇನ್ನೂ ಹುಷಾರಾಗಿರಬೇಕು. ಅಮೆರಿಕದ ಯುದ್ಧವಿಮಾನ ಸ್ಕ್ವಾಡ್ರನ್‌ನಲ್ಲಿ ಸಾಮಾನ್ಯವಾಗಿ 24 ವಿಮಾನ ಇರುತ್ತವೆ. ಚೀನಾ ತನ್ನ ಯುದ್ಧವಿಮಾನಗಳನ್ನು ಬ್ರಿಗೇಡ್ ಲೆಕ್ಕದಲ್ಲಿ ಜೋಡಿಸಿಕೊಂಡಿದೆ. 'ಅವರಿಗೆ ಇಷ್ಟು, ನಮಗೆ ಇಷ್ಟು' ಎಂದು ಎರಡು ಕಂಬ ಎಳೆದು ತೋರಿಸುವ ಚಿತ್ರಗಳಲ್ಲಿ ಎರಡು ಕಡೆಯ ಅಳತೆಗೋಲು ಒಂದೇ ಇರುವುದು ಅಪರೂಪ. ಇಷ್ಟು ಸಾಲದು ಎನ್ನುವಂತೆ, ಸ್ಕ್ವಾಡ್ರನ್‌ಗಿಂತ ಮೇಲಿನ ಘಟಕಗಳ ಹೆಸರಲ್ಲೂ ಗೊಂದಲ: ಬ್ರಿಟಿಷ್ ಪದ್ಧತಿಯಲ್ಲಿ ಗ್ರೂಪ್ ದೊಡ್ಡದು, ವಿಂಗ್ ಚಿಕ್ಕದು. ಅಮೆರಿಕದಲ್ಲಿ ಅದು ಉಲ್ಟಾ.

ಕೊನೆಯದಾಗಿ 'ನಂಬರ್ ಪ್ಲೇಟ್'. ಮಿಗ್-21 ಹೋದಾಗ ನಂಬರ್ 3 ಮತ್ತು ನಂಬರ್ 23 ಸ್ಕ್ವಾಡ್ರನ್‌ಗಳು ನಂಬರ್ ಪ್ಲೇಟ್ ಆದವು ಎಂದು ಸುದ್ದಿ ಬಂತು. ಇದು ಗಾಡಿಯ ನಂಬರ್ ಪ್ಲೇಟ್ ಅಲ್ಲ. 'ರದ್ದಾದವು', 'ಮುಚ್ಚಿದವು' ಎಂದು ಬರೆದದ್ದೂ ಸರಿಯಲ್ಲ. ವಾಯುಪಡೆಯ ಮಾತಿನಲ್ಲಿ ನಂಬರ್ ಪ್ಲೇಟ್ ಮಾಡುವುದು ಅಂದರೆ ಸ್ಕ್ವಾಡ್ರನ್‌ನ ನಂಬರ್, ಹೆಸರು, ಪದಕ, ದಾಖಲೆ ಎಲ್ಲವನ್ನೂ ಜೋಪಾನವಾಗಿ ಎತ್ತಿಡುವುದು. ಸಿಬ್ಬಂದಿ ಬೇರೆ ಕಡೆಗೆ ಹೋಗುತ್ತಾರೆ. ಮುಂದೆ ಹೊಸ ವಿಮಾನ ಬಂದಾಗ ಅದೇ ನಂಬರ್ ಮತ್ತೆ ಎದ್ದು ನಿಲ್ಲುತ್ತದೆ.

ನಂಬರ್ 17 'ಗೋಲ್ಡನ್ ಆ್ಯರೋಸ್' ನೋಡಿ. 1951ರಲ್ಲಿ ಅಂಬಾಲಾದಲ್ಲಿ ಹುಟ್ಟಿತು. ಹಾರ್ವರ್ಡ್, ಹಂಟರ್, ಮಿಗ್-21 ಎಲ್ಲ ಹಾರಿಸಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಅದನ್ನು ನಡೆಸಿದವರು ಆಗ ವಿಂಗ್ ಕಮಾಂಡರ್ ಆಗಿದ್ದ ಬಿ.ಎಸ್. ಧನೋವಾ. 2016ರಲ್ಲಿ ಆ ಸ್ಕ್ವಾಡ್ರನ್ ನಂಬರ್ ಪ್ಲೇಟ್ ಆಯಿತು. 2019ರ ಸೆಪ್ಟೆಂಬರ್‌ನಲ್ಲಿ ರಫೇಲ್‌ಗಾಗಿ ಅದನ್ನು ಮತ್ತೆ ಎಬ್ಬಿಸಿದಾಗ ಅದೇ ಧನೋವಾ ವಾಯುಪಡೆಯ ಮುಖ್ಯಸ್ಥರಾಗಿದ್ದರು. ಆ ದಿನ ಸ್ಕ್ವಾಡ್ರನ್ ಇತ್ತು, ರಫೇಲ್ ಒಂದೂ ಇರಲಿಲ್ಲ. ಮೊದಲ ಐದು ಭಾರತಕ್ಕೆ ಬಂದಿಳಿದದ್ದು 2020ರ ಜುಲೈ 29ರಂದು.

ಈಗ ತೇಜಸ್ ಮಾರ್ಕ್-1ಎ ವಿಮಾನಗಳಿಗೆ 2021ರಲ್ಲಿ 83, 2025ರಲ್ಲಿ 97, ಒಟ್ಟು 180ಕ್ಕೆ ಒಪ್ಪಂದ ಆಗಿದೆ. ಅವು ಬಂದ ಹಾಗೆ ಎತ್ತಿಟ್ಟ ನಂಬರ್‌ಗಳೂ ಒಂದೊಂದಾಗಿ ಹೊರಬರಬಹುದು. ಆಗ 'ಹೊಸ ಸ್ಕ್ವಾಡ್ರನ್ ಸ್ಥಾಪನೆ' ಎಂಬ ತಲೆಬರಹ ಕಂಡರೆ, ಆ ನಂಬರ್ ಮೊದಲು ಏನನ್ನು ಹಾರಿಸುತ್ತಿತ್ತು ಎಂದು ಒಮ್ಮೆ ಹುಡುಕಿ ನೋಡಿ.