ಅಂಟು ಬೇಡ, ಸುತ್ತು ಸಾಕು

ಫ್ಲೈ ಅಂದರೆ ಮೀನು ಹಿಡಿಯಲು ಗಾಳಕ್ಕೆ ಗರಿ, ಉಣ್ಣೆ ಕಟ್ಟಿ ಮಾಡುವ ಹುಳದಂಥ ನಕಲಿ ಎರೆ. ಅದನ್ನು ಕಟ್ಟುವವರ ಮೇಜಿನ ಮೇಲೆ ಈಗೀಗ ಫೆವಿಕ್ವಿಕ್ ಇಲ್ಲದಿದ್ದರೆ ಕೆಲಸವೇ ಶುರುವಾಗುವುದಿಲ್ಲ. ಗಾಳದ ಮೇಲೆ ಗರಿ ಇಟ್ಟ ಕೂಡಲೇ ಒಂದು ಹನಿ, ದಾರ ಸುತ್ತಿದ ಮೇಲೆ ಇನ್ನೊಂದು ಹನಿ. ಯಾಕೆ ಅಂತ ಕೇಳಿದರೆ, ಹೊಳೆಯ ಬಲಶಾಲಿ ಮೀನಾದ ಮಹಶೀರ್ ಕಡೆ ಬೆರಳು ತೋರಿಸಿ, "ಕಾವೇರಿ ಮಹಶೀರ್ ಎಳೆತ ಅಂದ್ರೆ ಸುಮ್ನೆನಾ? ಅಂಟಿಲ್ಲದಿದ್ರೆ ಕಿತ್ಕೊಂಡು ಹೋಗುತ್ತೆ" ಅನ್ನುತ್ತಾರೆ. ಈ ನಂಬಿಕೆ ಎಲ್ಲಿಂದ ಬಂತೋ ಕಾಣೆ. ಸುಮಾರು 1800 ವರ್ಷಗಳ ಹಿಂದೆ ಈಲಿಯನ್ ಎಂಬ ರೋಮನ್ ಬರಹಗಾರ ಮ್ಯಾಸಿಡೋನಿಯಾದ ಜನರ ಮೀನು ಬೇಟೆಯನ್ನು ವಿವರಿಸಿದ್ದಾನೆ. ಅವರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗಲ್ಲದಡಿ ಜೋಲುವ ಕೆಂಪು ಚರ್ಮದ ಕೆಳಗೆ ಬೆಳೆಯುವ ಮೇಣದ ಬಣ್ಣದ ಎರಡು ಗರಿ ಸೇರಿಸುತ್ತಿದ್ದರಂತೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಕೈಪಿಡಿಯಲ್ಲಿ 12 ಫ್ಲೈಗಳಿವೆ. ಅಲ್ಲೂ ಅಷ್ಟೇ: ಉಣ್ಣೆ, ರೇಷ್ಮೆ, ಗರಿ. ಇಷ್ಟು ಶತಮಾನ ಫ್ಲೈಗಳನ್ನು ಹಿಡಿದಿಟ್ಟದ್ದು ಬರೀ ದಾರ.

ಆ ದಾರಕ್ಕೆ ಅಷ್ಟು ಬಲ ಎಲ್ಲಿಂದ ಬಂತು? ಉತ್ತರ ನಮ್ಮ ಕಾಫಿ ತೋಟದಲ್ಲೇ ಇದೆ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಸವರುವಾಗ, ಮೇಲೆ ಹತ್ತಿದವನು ದೊಡ್ಡ ಕೊಂಬೆಗೆ ಹಗ್ಗ ಬಿಗಿದು ಕಡಿಯುತ್ತಾನೆ. ಹಗ್ಗದ ಇನ್ನೊಂದು ತುದಿ ಕೆಳಗಿರುವವನ ಕೈಯಲ್ಲಿ. ಅವನು ಹಗ್ಗವನ್ನು ಮರದ ಬುಡಕ್ಕೆ ಎರಡು ಸುತ್ತು ಹಾಕಿಕೊಂಡಿರುತ್ತಾನೆ. ಒಂದು ಕ್ವಿಂಟಲ್ ತೂಗುವ ಕೊಂಬೆ ಕಾಫಿ ಗಿಡದ ಮೇಲೆ ದೊಪ್ಪನೆ ಬೀಳದೆ ನಿಧಾನಕ್ಕೆ ಇಳಿಯುತ್ತದೆ. ಹಿಡಿದವನ ರಟ್ಟೆಯಲ್ಲಿ ಅಷ್ಟು ಬಲ ಇದೆ ಅಂತ ತಿಳಿಯಬೇಡಿ. ಆ ಎರಡು ಸುತ್ತಿನ ನಂತರ ಅವನ ಕೈಗೆ ಬರುವ ಭಾರ ಎರಡು ಮೂರು ಕಿಲೋ ಅಷ್ಟೇ.

ಇದರ ಲೆಕ್ಕವನ್ನು 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಹಾಕಿಕೊಟ್ಟ. ಸುತ್ತು ಹೆಚ್ಚಿದ ಹಾಗೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ದಾರಕ್ಕೂ ಕಡ್ಡಿಗೂ ನಡುವಿನ ಘರ್ಷಣೆಯ ಪ್ರಮಾಣ 0.3 ಅಂದುಕೊಳ್ಳಿ. ಒಂದು ಸುತ್ತಿಗೆ ಹಿಡಿತ ಸುಮಾರು ಆರೂವರೆ ಪಟ್ಟು. ಎರಡಕ್ಕೆ 43 ಪಟ್ಟು. ಮೂರಕ್ಕೆ 285. ಐದು ಸುತ್ತಿಗೆ 12,000 ದಾಟುತ್ತದೆ! ಅಷ್ಟು ಎಳೆಯುವ ಎಷ್ಟೋ ಮುಂಚೆ ದಾರವೇ ತುಂಡಾಗುತ್ತದೆ. ಆದರೆ ಜಾರುವುದಿಲ್ಲ.

ಇನ್ನೊಂದು ಮಜಾ ಇದೆ. ಈ ಲೆಕ್ಕದಲ್ಲಿ ಕಡ್ಡಿಯ ದಪ್ಪಕ್ಕೆ ಜಾಗವೇ ಇಲ್ಲ. ಅರವತ್ತು ಸೆಂಟಿಮೀಟರ್ ದಪ್ಪದ ಮರವಾದರೂ ಒಂದು ಮಿಲಿಮೀಟರ್ ದಪ್ಪದ ಗಾಳವಾದರೂ ಮೂರು ಸುತ್ತು ಅಂದರೆ ಮೂರು ಸುತ್ತೇ. ಮೊದಲ ಸಲ ಕೇಳಿದಾಗ ಯಾರೂ ಒಪ್ಪುವುದಿಲ್ಲ. ಬಿಡಿಸಿ ನೋಡೋಣ. ಮರ ಗಾಳಕ್ಕಿಂತ 600 ಪಟ್ಟು ದಪ್ಪ. ಹಾಗಾಗಿ ಒಂದು ಸುತ್ತಿನಲ್ಲಿ ಮರವನ್ನು ಮುಟ್ಟುವ ಹಗ್ಗವೂ 600 ಪಟ್ಟು ಉದ್ದ. ಆದರೆ ಅದೇ ಬಿಗಿಯಲ್ಲಿ ಎಳೆದಾಗ, ಸುತ್ತು ದೊಡ್ಡದಾದಷ್ಟೂ ಪ್ರತಿ ಸೆಂಟಿಮೀಟರ್ ಹಗ್ಗ ಒಳಕ್ಕೆ ಒತ್ತುವ ಬಲ ಕಡಿಮೆ. ಎಷ್ಟು ಕಡಿಮೆ? ಸರಿಯಾಗಿ 600 ಪಟ್ಟು. ಒಂದು ಕಡೆ ಗುಣಿಸಿದ್ದನ್ನು ಇನ್ನೊಂದು ಕಡೆ ಭಾಗಿಸಿದ ಹಾಗಾಯಿತು. ಉಳಿಯುವುದು ಎರಡೇ: ಎಷ್ಟು ಸುತ್ತು, ಎಷ್ಟು ಘರ್ಷಣೆ.

ಗುಣಾಕಾರದಲ್ಲಿ ಒಂದು ಅಪಾಯವೂ ಇದೆ, ಅಲ್ವಾ? ಸೊನ್ನೆಯನ್ನು 12,000ದಿಂದ ಗುಣಿಸಿದರೂ ಸೊನ್ನೆಯೇ. ಹಿಡಿದ ತುದಿಯಲ್ಲಿ ಚೂರಾದರೂ ಬಿಗಿ ಇರಬೇಕು. ಮರದ ಕೆಳಗಿನವನು ಹಗ್ಗ ಕೈಬಿಟ್ಟರೆ ಕೊಂಬೆ ನೆಲಕ್ಕೆ. ಫ್ಲೈ ಕಟ್ಟುವ ಸಾಮಾನುಗಳೆಲ್ಲ ಇರುವುದು ಈ 'ಚೂರು ಬಿಗಿ'ಯನ್ನು ಕಾಯುವುದಕ್ಕೆ. ವೈಸ್ ಗಾಳವನ್ನು ಅಲ್ಲಾಡದ ಹಾಗೆ ಕಚ್ಚಿ ಹಿಡಿಯುತ್ತದೆ. ಬಾಬಿನ್ ಹೋಲ್ಡರ್‌ನ ಎರಡು ಕಾಲು ದಾರದ ಉರುಳೆಯನ್ನು ಅದುಮಿಕೊಂಡಿರುತ್ತವೆ. ಕತ್ತರಿ ತೆಗೆದುಕೊಳ್ಳಲು ನೀವು ಕೈ ಬಿಟ್ಟರೂ ಅದು ತನ್ನ ಭಾರಕ್ಕೇ ಜೋತುಬಿದ್ದು ದಾರವನ್ನು ಬಿಗಿಯಾಗಿ ಇಡುತ್ತದೆ. ಗರಿಯ ತುದಿ ಕಚ್ಚುವ ಪುಟ್ಟ ಇಕ್ಕಳದ್ದೂ ಅದೇ ಕೆಲಸ. ಇದನ್ನು ಬಿಟ್ಟು ಅಂಗಡಿಯವರು ತೋರಿಸುವ ಉಳಿದ ಥಳುಕಿನ ಸಾಮಾನು ಆಮೇಲೆ ಕೊಂಡರಾಯಿತು.

ದಾರದ ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. ರಾಮನಗರದ ರೇಷ್ಮೆ ಬಿಚ್ಚಾಣಿಕೆಯವರಿಗೆ ಇದು ದಿನನಿತ್ಯದ ಮಾತು. 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಸಣ್ಣ ಫ್ಲೈಗೆ 70, ಮಹಶೀರ್‌ಗೆ ಕಟ್ಟುವ ದೊಡ್ಡ ಫ್ಲೈಗೆ 140 ಅಥವಾ 210. ಹಿಂದೆ ರೇಷ್ಮೆಯೇ ಎಲ್ಲ. ಈಗ ನೈಲಾನ್, ಪಾಲಿಯೆಸ್ಟರ್.

ಇನ್ನು ಮೇಣ. ಹಳಬರು ದಾರಕ್ಕೆ ಜೇನುಮೇಣ ಉಜ್ಜುತ್ತಿದ್ದರು. ಕೊಡಗಿನಲ್ಲಿ ಜೇನಿಗೂ ಮೇಣಕ್ಕೂ ಬರವೇ? ಮೇಣ ಗೋಂದಿನ ಹಾಗೆ ಅಂಟಿಸುತ್ತದೆ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅದರ ದೊಡ್ಡ ಉಪಕಾರ ಬೇರೆ. ಮೇಣದಿಂದ ಘರ್ಷಣೆ 0.3ರಿಂದ 0.4ಕ್ಕೆ ಏರಿತು ಅಂದುಕೊಳ್ಳಿ. ನೋಡಲು ಅಲ್ಪ. ಆದರೆ ಐದು ಸುತ್ತಿನ ಲೆಕ್ಕದಲ್ಲಿ ಹಿಡಿತ 23 ಪಟ್ಟು ಹೆಚ್ಚುತ್ತದೆ.

ಫ್ಲೈ ಮುಗಿಸುವ ವಿಪ್ ಫಿನಿಶ್ ನೋಡಿದರೆ ಈ ಲೆಕ್ಕ ಕಣ್ಣೆದುರೇ ಕಾಣುತ್ತದೆ. ಗಾಳದ ಕಣ್ಣಿನ ಹಿಂದೆ ದಾರದಿಂದ ಒಂದು ಕುಣಿಕೆ ಮಾಡಬೇಕು. ಬಾಬಿನ್ ಕಡೆಯ ದಾರವನ್ನು ಗಾಳದ ಕಡ್ಡಿಗೆ ಉದ್ದಕ್ಕೆ ಒರಗಿಸಿ ಇಡಬೇಕು. ಕುಣಿಕೆಯ ಒಂದು ಎಳೆಯನ್ನು ಅದರ ಮೇಲೆ ಹಾದುಹೋಗುವ ಹಾಗೆ ನಾಲ್ಕೈದು ಸುತ್ತು ಸುತ್ತಬೇಕು, ಸುತ್ತಿನ ಪಕ್ಕ ಸುತ್ತು. ಆಮೇಲೆ ಕುಣಿಕೆಯೊಳಗೆ ಸೂಜಿ ಇಟ್ಟುಕೊಂಡು ಬಾಬಿನ್ ಎಳೆಯಿರಿ. ಕುಣಿಕೆ ಕಿರಿದಾಗುತ್ತಾ ಬಂದು, ಸೂಜಿ ಹೊರಗೆ ತೆಗೆದ ಕೂಡಲೇ ಸುತ್ತುಗಳ ಅಡಿಗೆ ನುಗ್ಗಿ ಮಾಯ. ಬುಡಕ್ಕೆ ಕತ್ತರಿ ಹಾಕಿ. ಅಲ್ಲಿ ಗಂಟೇ ಇಲ್ಲ. ದಾರದ ತುದಿಯನ್ನು ದಾರವೇ ತುಳಿದು ನಿಂತಿದೆ. ಆ ತಲೆಯ ಮೇಲೆ ಒಂದು ಹನಿ ವಾರ್ನಿಷ್ ಹಾಕುವುದು ಹಳೆಯ ರೂಢಿ, ಅದಕ್ಕೆ ನನ್ನ ತಕರಾರಿಲ್ಲ. ಬಂಡೆಗೆ ಉಜ್ಜಿ ದಾರ ಸವೆಯದಿರಲಿ ಅಂತ ಅದು. ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಬೇರೆ ಜಾತಿ. ಒಣಗಿದರೆ ಪೆಡಸು, ಬಾಗಿಸಿದರೆ ಬಿರುಕು. ಜೊತೆಗೆ ಗರಿಯ ಎಳೆಗಳಿಗೆ ಏರಿ ಅವನ್ನು ಕಡ್ಡಿ ಮಾಡುತ್ತದೆ. ನೀರಿನಲ್ಲಿ ಅಲುಗಾಡದ ಗರಿಯಿಂದ ಏನು ಪ್ರಯೋಜನ?

ಗರಿಯ ವಿಷಯಕ್ಕೆ ಬಂದರೆ ಇನ್ನೂ ಒಂದು ಮೂಢನಂಬಿಕೆ ಇದೆ. ಕಾಡುಕೋಳಿ ಗರಿ ಇದ್ದರೆ ಮೀನು ಬಿಡುವುದೇ ಇಲ್ಲವಂತೆ! ಕಾಡುಹುಂಜದ ಕತ್ತಿನ ಗರಿಯಲ್ಲಿ ಮೇಣದ ಹೊಳಪಿನ ಹಳದಿ ಚುಕ್ಕೆಗಳಿರುತ್ತವೆ. ಚಂದ ನಿಜ. ಅದಕ್ಕಾಗಿಯೇ ವಿಕ್ಟೋರಿಯಾ ಕಾಲದ ಇಂಗ್ಲಿಷರು ಸಾಲ್ಮನ್ ಮೀನಿನ ಫ್ಲೈಗೆ ಅದನ್ನು ಮುಗಿಬಿದ್ದು ತರಿಸಿಕೊಂಡರು, ದಕ್ಷಿಣ ಭಾರತದ ಕಾಡಿನಿಂದಲೇ. ಮೀನಿಗಿಂತ ಮನುಷ್ಯರನ್ನೇ ಅದು ಹೆಚ್ಚು ಹಿಡಿದಿದೆ. ಇವತ್ತು ಕಾಡುಕೋಳಿ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಫ್ಲೈಗೆ ಕೂದಲು ಬೇಕೆಂದು ಜಿಂಕೆ, ಕಡವೆ ಹೊಡೆದರೂ ಅದೇ ಮಾತು. ನಾಟಿ ಕೋಳಿ ಏನು ಪಾಪ ಮಾಡಿದೆ? ಹುಂಜದ ಕತ್ತಿನ ಗರಿ ಸೆಟೆದು ನಿಲ್ಲುತ್ತದೆ, ನೀರನ್ನು ಅಷ್ಟಾಗಿ ಹೀರುವುದಿಲ್ಲ, ತೇಲುವ ಫ್ಲೈಗೆ ಅದು. ಹೇಂಟೆಯದ್ದು ಮೆತ್ತಗೆ, ನೀರು ಕುಡಿದು ಮುಳುಗುತ್ತದೆ. ನಮ್ಮ ಹೊಳೆಯಲ್ಲಿ ನೀರೊಳಗೆ ಓಡಾಡುವ ಫ್ಲೈಗೇ ಕೆಲಸ ಜಾಸ್ತಿ, ಹಾಗಾಗಿ ಹೇಂಟೆ ಗರಿ ಎಸೆಯಬೇಡಿ.

ಮಹಶೀರ್ ಎಳೆತದ ಭಯಕ್ಕೂ ಒಂದು ಮಾತು. ಅದರ ದವಡೆಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ. ತುಟಿಗೆ ಸಿಕ್ಕಿಕೊಂಡ ಫ್ಲೈಯನ್ನು ಅದು ಕಚ್ಚಿ ಹರಿಯುವುದಿಲ್ಲ. ಎಳೆತದ ಭಾರವೆಲ್ಲ ಬೀಳುವುದು ಗಾಳದ ಮೇಲೆ, ಗರಿಯ ಮೇಲಲ್ಲ. ಕಾವೇರಿಯ ಡುಬ್ಬದ ಮಹಶೀರ್‌ಗೆ 2018ರಲ್ಲಷ್ಟೇ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು, ಟಾರ್ ರೆಮಾದೇವಿ ಅಂತ. ಅಳಿವಿನ ಅಂಚಿನ ಪಟ್ಟಿಗೂ ಅದೇ ವರ್ಷ ಸೇರಿತು. ವಾಲ್ನೂರಿನ ಬಳಿ ಕೊಡಗು ವನ್ಯಜೀವಿ ಸಂಘದವರು ಮಹಶೀರ್ ಉಳಿಸಲು ದುಡಿಯುತ್ತಾ ಬಂದಿದ್ದಾರೆ. ಅಲ್ಲಿ ಹಿಡಿದ ಮೀನನ್ನು ವಾಪಸ್ ಹೊಳೆಗೆ ಬಿಡುವುದೇ ನಿಯಮ. ಮೀನನ್ನು ಸುಲಭವಾಗಿ ಬಿಡಿಸಲು ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಅದುಮಿ ಮಟ್ಟ ಮಾಡಿಕೊಂಡೇ ಫ್ಲೈ ಕಟ್ಟಲು ಕೂರಿ. ಕಟ್ಟಿದ ಮೇಲೆ ಅದುಮಲು ಹೋಗಿ ಗಾಳ ಮುರಿದರೆ ಕೆಲಸವೆಲ್ಲ ದಂಡ.

ನಂಬಿಕೆ ಬರದಿದ್ದರೆ ಒಂದು ಹಳೆಯ ಫ್ಲೈ ತೆಗೆದುಕೊಳ್ಳಿ. ಗಾಳದ ಕಣ್ಣಿನ ಹಿಂದೆ ಬ್ಲೇಡ್ ಇಟ್ಟು ತಲೆಯ ಸುತ್ತುಗಳನ್ನಷ್ಟೇ ಕೊಯ್ಯಿರಿ. ಬಿಗಿ ಹೋಯಿತು. ದಾರದ ತುದಿ ಹಿಡಿದು ಎಳೆದರೆ ಸುತ್ತಿನ ಹಿಂದೆ ಸುತ್ತು ಬಿಚ್ಚುತ್ತಾ ಗರಿ, ಉಣ್ಣೆ ಎಲ್ಲ ಕಳಚಿಕೊಳ್ಳುತ್ತವೆ. ಗಾಳ ಮತ್ತೆ ಹೊಸ ಫ್ಲೈಗೆ ಸಿದ್ಧ. ಫೆವಿಕ್ವಿಕ್ ಹಾಕಿದ್ದರೆ ಮಾತ್ರ ಅರ್ಧ ಗಂಟೆ ಕೆರೆಯುತ್ತಾ ಕೂರಬೇಕು.