ವೃತ್ತ ಎಂಬ ತಪ್ಪು ಆಕಾರ

ರೋಲರ್ ಕೋಸ್ಟರ್ ಗಾಡಿ ಸುರುಳಿಯ ನೆತ್ತಿಯಲ್ಲಿ ತಲೆಕೆಳಗಾಗಿದ್ದಾಗ ಒಳಗಿರುವವರು ಯಾಕೆ ಬೀಳುವುದಿಲ್ಲ ಎಂದು ಕೇಳಿ ನೋಡಿ. ‘ಕೇಂದ್ರಾಪಗಾಮಿ ಬಲ ಅವರನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ವಿಜ್ಞಾನ ಓದಿದವರೂ ಹೀಗೇ ಹೇಳುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ನೆಲದ ಮೇಲೆ ನಿಂತು ನೋಡುವವರ ಲೆಕ್ಕದಲ್ಲಿ ಅಲ್ಲಿ ಮೇಲಕ್ಕೆ ಒತ್ತುವ ಬಲ ಯಾವುದೂ ಇಲ್ಲ. ಘರ್ಷಣೆ, ಗಾಳಿಗಳನ್ನು ಬದಿಗಿಟ್ಟರೆ ಆ ಕ್ಷಣದಲ್ಲಿ ಗಾಡಿಯ ಮೇಲೆ ಇರುವುದು ಎರಡೇ ಬಲ. ಭೂಮಿ ಕೆಳಕ್ಕೆ ಎಳೆಯುತ್ತಿದೆ. ಹಳಿಯೂ ಕೆಳಕ್ಕೇ ತಳ್ಳುತ್ತಿದೆ.

ಹಾಗಾದರೆ ಬೀಳಬೇಕಲ್ಲ? ಬೀಳುತ್ತಲೇ ಇದೆ. ನೆತ್ತಿಗೆ ಬಂದ ಕ್ಷಣದಲ್ಲಿ ಹಳಿಯೇ ಮಾಯವಾಯಿತೆಂದು ಇಟ್ಟುಕೊಳ್ಳಿ. ಗಾಡಿ ನೇರ ಕೆಳಗೆ ಬೀಳುವುದಿಲ್ಲ. ಎಸೆದ ಕಲ್ಲಿನಂತೆ ಮುಂದೆ ಹೋಗುತ್ತಾ ಬಾಗುವ ಪರವಲಯದಲ್ಲಿ ಸಾಗುತ್ತದೆ. ವೇಗ ಹೆಚ್ಚಿದ್ದಷ್ಟೂ ಆ ದಾರಿಯ ಬಾಗು ಕಡಿಮೆ. ಈಗ ಹಳಿಯನ್ನು ವಾಪಸು ತನ್ನಿ. ಪರವಲಯಕ್ಕಿಂತ ಹಳಿಯ ಬಾಗು ಹೆಚ್ಚಿದ್ದರೆ ಗಾಡಿ ಹೋಗಬೇಕೆಂದಿದ್ದ ದಾರಿಗೆ ಹಳಿ ಅಡ್ಡ ಬರುತ್ತದೆ, ಅದನ್ನು ಒಳಕ್ಕೆ, ಅಂದರೆ ಇನ್ನಷ್ಟು ಕೆಳಕ್ಕೆ, ದಬ್ಬುತ್ತದೆ. ಗಾಡಿ ಹಳಿಗೆ ಅಂಟಿಕೊಂಡಂತೆ ಕಾಣುವುದು ಇದರಿಂದಲೇ. ವೇಗ ಸಾಲದಿದ್ದರೆ ಪರವಲಯದ ಬಾಗೇ ಹೆಚ್ಚಾಗುತ್ತದೆ, ಗಾಡಿ ಹಳಿ ಬಿಡುತ್ತದೆ. ಈ ಎರಡರ ನಡುವಿನ ಗಡಿ ಸರಳ: ಮೀಟರ್, ಸೆಕೆಂಡುಗಳ ಲೆಕ್ಕದಲ್ಲಿ ವೇಗದ ವರ್ಗವನ್ನು ಸುರುಳಿಯ ತ್ರಿಜ್ಯದಿಂದ ಭಾಗಿಸಿದಾಗ 9.8, ಅಂದರೆ ಭೂಮಿಯ ಗುರುತ್ವ ವೇಗೋತ್ಕರ್ಷ, ಬರಬೇಕು. ಗಾಡಿಯ ತೂಕ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

(ಗಾಡಿಯೊಳಗೆ ಕೂತವರ ದೃಷ್ಟಿಯಿಂದ ಕೇಂದ್ರಾಪಗಾಮಿ ಬಲ ಎಂದು ಲೆಕ್ಕ ಹಾಕುವುದು ತಪ್ಪಲ್ಲ, ಎಂಜಿನಿಯರುಗಳೂ ಹಾಕುತ್ತಾರೆ. ನೆಲದಿಂದ ನೋಡುವ ಲೆಕ್ಕಕ್ಕೂ ಅದನ್ನೇ ತಂದು ಸುರಿಯುವುದು ತಪ್ಪು. ಭಾಗಾಕಾರದ ಈ ಸೂತ್ರವನ್ನು ಡಚ್ ವಿಜ್ಞಾನಿ ಹೈಗೆನ್ಸ್ ಕಂಡುಕೊಂಡದ್ದು ವಸ್ತು ಹೊರಕ್ಕೆ ಹೋಗಲು ಹವಣಿಸುತ್ತದೆ ಎಂಬ ನೋಟದಿಂದ. ಅದನ್ನು ತಿರುಗಿಸಿ, ಒಳಕ್ಕೆ ಎಳೆಯುವ ಬಲವನ್ನು ಮುಂದಿಟ್ಟು 1687ರಲ್ಲಿ ಬರೆದವನು ನ್ಯೂಟನ್.)

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನು ಮುಂದಿದೆ. ಹಳಿ ಯಾವಾಗಲೂ ಚಲನೆಗೆ ಲಂಬವಾಗಿ ತಳ್ಳುವುದರಿಂದ ಅದು ಗಾಡಿಯ ವೇಗವನ್ನು ಹೆಚ್ಚಿಸುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ. ದಿಕ್ಕನ್ನು ಮಾತ್ರ ಬದಲಿಸುತ್ತದೆ. ವೇಗದ ಲೆಕ್ಕವೆಲ್ಲ ಎತ್ತರದ್ದು. ಆದ್ದರಿಂದ ವೃತ್ತಾಕಾರದ ಸುರುಳಿಯಲ್ಲಿ ನೆತ್ತಿಯನ್ನು ಹೇಗೋ ದಾಟಿದರೆ ಸಾಕು ಎಂದರೂ ಗಾಡಿಯನ್ನು ತ್ರಿಜ್ಯದ ಎರಡೂವರೆ ಪಟ್ಟು ಎತ್ತರದಿಂದ ಬಿಡಬೇಕು. ಆಗ ನೆತ್ತಿಯಲ್ಲಿ ಹಳಿಯ ಒತ್ತು ಸೊನ್ನೆ, ಅರ್ಧ ಎತ್ತರದಲ್ಲಿ ತೂಕದ 3 ಪಟ್ಟು, ತಳದಲ್ಲಿ 6 ಪಟ್ಟು. ಇನ್ನೂ ಎತ್ತರದಿಂದ ಬಿಟ್ಟು ನೆತ್ತಿಯಲ್ಲಿ ಒಂದು ಪಟ್ಟು ಒತ್ತು ಬರುವಂತೆ ಮಾಡಿದರೆ ತಳದಲ್ಲಿ 7 ಆಗುತ್ತದೆ. ಎಲ್ಲಿಂದ ಬಿಟ್ಟರೂ ತಳಕ್ಕೂ ನೆತ್ತಿಗೂ ನಡುವಿನ ಅಂತರ ಸರಿಯಾಗಿ 6! ವೃತ್ತವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಚಂದ್ರನ ಮೇಲೆ ಕಟ್ಟಿ, ಆ ಆರನ್ನು ಅಲ್ಲಾಡಿಸಲು ಆಗುವುದಿಲ್ಲ.

ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 1895ರಲ್ಲಿ ಶುರುವಾದ ‘ಫ್ಲಿಪ್ ಫ್ಲ್ಯಾಪ್’ ಸವಾರಿಗೆ ಹೋದವರು ಈ ಆರನ್ನು ಕತ್ತಿನಲ್ಲಿ ಅನುಭವಿಸಿದರು. ಅದರ ಸುರುಳಿ ಸುಮಾರು 7.6 ಮೀಟರ್ ವ್ಯಾಸದ ವೃತ್ತ. ನೆತ್ತಿ ದಾಟಲು ಅಲ್ಲಿ ಗಂಟೆಗೆ 22 ಕಿಲೋಮೀಟರ್ ವೇಗ ಸಾಕು, ಅದಕ್ಕಾಗಿ ತಳದಲ್ಲಿ 49 ಇರಬೇಕು. ಸಪಾಟು ಹಳಿ ಮುಗಿದು ವೃತ್ತ ಶುರುವಾಗುವ ಆ ಒಂದು ಬಿಂದುವಿನಲ್ಲಿ ಒತ್ತು ಒಂದರಿಂದ ಆರಕ್ಕೆ ನೆಗೆಯುತ್ತದೆ. ಇದು ಕನಿಷ್ಠದ ಲೆಕ್ಕ. ನಿಜವಾಗಿ 12 ಪಟ್ಟು ಇತ್ತೆಂಬ ಅಂದಾಜೂ ಚಾಲ್ತಿಯಲ್ಲಿದೆ. ಕತ್ತು ಉಳುಕಿಸಿಕೊಂಡವರ ಸುದ್ದಿ ಹಬ್ಬಿ, ಹತ್ತುವುದಕ್ಕಿಂತ ಕಾಸು ಕೊಟ್ಟು ನಿಂತು ನೋಡುವುದೇ ಹಲವರಿಗೆ ಮೇಲೆನಿಸಿತು. 1901ರಲ್ಲಿ ಎಡ್ವಿನ್ ಪ್ರೆಸ್ಕಾಟ್ ಅದೇ ಕೋನಿ ಐಲ್ಯಾಂಡಿನಲ್ಲಿ ಮೊಟ್ಟೆಯಾಕಾರದ ಸುರುಳಿ ಕಟ್ಟಿದ. ಹಿತವಾಗಿತ್ತು, ಆದರೆ ಒಂದು ಸಲಕ್ಕೆ ನಾಲ್ಕೇ ಜನ, ವ್ಯಾಪಾರ ಗಿಟ್ಟಲಿಲ್ಲ.

ಮದ್ದು ಇದ್ದದ್ದು ವೃತ್ತವನ್ನು ಬಿಡುವುದರಲ್ಲಿ. ಬಾಗು ತಳದಲ್ಲಿ ಕಡಿಮೆ, ನೆತ್ತಿಯಲ್ಲಿ ಹೆಚ್ಚು ಇರಲಿ. 20 ಮೀಟರ್ ಎತ್ತರದ ಸುರುಳಿಯೊಂದರ ನೆತ್ತಿಯಲ್ಲಿ ತ್ರಿಜ್ಯ 5 ಮೀಟರ್, ತಳದಲ್ಲಿ 20 ಮೀಟರ್ ಎಂದು ಇಟ್ಟು ಅದೇ ಲೆಕ್ಕ ಮಾಡಿ: ನೆತ್ತಿಯಲ್ಲಿ ಸೊನ್ನೆ, ತಳದಲ್ಲಿ 3.25. ಅಷ್ಟೇ ಎತ್ತರದ ವೃತ್ತದಲ್ಲಾದರೆ ಮತ್ತೆ 6. ಮುಂದೆ ಹೋದಷ್ಟೂ ಸಮಪ್ರಮಾಣದಲ್ಲಿ ಬಾಗು ಹೆಚ್ಚುವ ಕ್ಲೋಥಾಯ್ಡ್ ಎಂಬ ರೇಖೆಯನ್ನು ಬಳಸಿದರೆ ಒತ್ತಿನ ಆ ನೆಗೆತವೂ ಇಲ್ಲವಾಗುತ್ತದೆ. ಈ ರೇಖೆಯನ್ನು ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ಅಭ್ಯಾಸ ಮಾಡಿದ್ದ. ನೇರ ಹಳಿಯಿಂದ ತಿರುವಿಗೆ ರೈಲು ಜರ್ಕ್ ಇಲ್ಲದೆ ಹೊರಳಲಿ ಎಂದು ರೈಲ್ವೆಯವರು ಬಾಗನ್ನು ಹೀಗೆ ಮೆಲ್ಲಮೆಲ್ಲನೆ ಹೆಚ್ಚಿಸುವುದನ್ನು 19ನೇ ಶತಮಾನದಲ್ಲೇ ಕಲಿತಿದ್ದರು. ಮೋಜಿನ ಸುರುಳಿಗೆ ಅದು ಬಂದದ್ದು ಮಾತ್ರ 1976ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನ ‘ರೆವಲ್ಯೂಷನ್’ ಸವಾರಿಯಲ್ಲಿ. ಕಟ್ಟಿದವನು ಆಂಟನ್ ಶ್ವಾರ್ಟ್ಸ್‌ಕಾಫ್, ಲೆಕ್ಕ ವರ್ನರ್ ಸ್ಟೆಂಗೆಲ್‌ನದು. ಪಕ್ಕದ ರೈಲು ಹಳಿಯನ್ನು ಒಮ್ಮೆ ಬಗ್ಗಿ ನೋಡಿದ್ದರೆ ಎಷ್ಟು ಕತ್ತುಗಳು ಉಳಿಯುತ್ತಿದ್ದವೋ.

ಶಾಲೆಯ ವಿಜ್ಞಾನ ಮೇಳಕ್ಕೆ ಸುರುಳಿ ಮಾಡುವವರಿಗೆ ಒಂದು ಮಾತು. ಎರಡೂವರೆ ಪಟ್ಟು ಎಂಬ ಲೆಕ್ಕ ಜಾರುವ ವಸ್ತುವಿಗೆ. ನೀವು ಬಿಡುವ ಗೋಲಿ ಉರುಳುತ್ತದೆ. ಶಕ್ತಿಯ ಒಂದು ಪಾಲು ಅದು ತನ್ನ ಸುತ್ತ ತಾನೇ ತಿರುಗುವುದಕ್ಕೆ ಖರ್ಚಾಗುತ್ತದೆ. ಅದಕ್ಕೆ 2.7 ಪಟ್ಟು ಬೇಕು. ಎರಡು ತಂತಿಗಳ ಹಳಿಯಾದರೆ ಗೋಲಿ ನಡುವೆ ಇಳಿದು ಕೂರುವುದರಿಂದ ಇನ್ನೂ ಜೋರಾಗಿ ತಿರುಗುತ್ತದೆ, ಎತ್ತರವೂ ಇನ್ನಷ್ಟು ಬೇಕಾಗುತ್ತದೆ. ಎರಡೂವರೆಯಿಂದ ಬಿಟ್ಟ ಗೋಲಿ ನೆತ್ತಿಗೆ ಮುಂಚೆಯೇ ಕಳಚಿ ಬಿದ್ದರೆ ಬೈಗುಳವನ್ನೆಲ್ಲ ಘರ್ಷಣೆಯೊಂದಕ್ಕೇ ಮೀಸಲಿಡಬೇಡಿ.